ಗಿಣಿಯ ಎರಡನೇ ಪರೀಕ್ಷೆ

ಮಂಗಳವಾರ, ಮಾರ್ಚ್ ೧೨

ಪ್ರೀತಿಯ ಅಕ್ಕಾ,

ನಿನ್ನ ಕಾಗದ ಬಂತು. ನನ್ನನ್ನು ಹುಲಿ ಅಂತ ಕರೆದಿದ್ದೀಯ, ನೆಂಟರಿಗೆಲ್ಲ ಫೋನ್ ಮಾಡಿ ಡಂಗುರ ಸಾರಿದ್ದೀಯ. ಸಾಕು ತಾಯಿ, ನಿಲ್ಲಿಸು. ಹೌದು, ತರಗತಿಯಲ್ಲಿ ಗಿಣಿಯ ಪಕ್ಕದಲ್ಲೇ ಕೂರಲು ಸಹಾಯಕಿ ಸಿಕ್ಕಿದ್ದಾಳೆ. ಹೇಗೆ ಸಿಕ್ಕಳು ಅಂತ ನೀನು ಕೇಳಲಿಲ್ಲ. ನಾನೂ ಯಾರಿಗೂ ಹೇಳಿಲ್ಲ, ಗಿಣಿಯ ಅಪ್ಪನಿಗೂ.

ನನ್ನ ಮಗಳು ಹುಟ್ಟಿದಾಗ ಗಿಣಿ ಅಂತ ಹೆಸರಿಟ್ಟ ಪುಣ್ಯಾತ್ಗಿತ್ತಿ ನೀನೇ. ಏಳು ವರ್ಷವಾದರೂ ಆಡುವುದು ಹತ್ತೇ ಮಾತು. ಅದರಲ್ಲಿ ಮೂರು ನನ್ನ ಇಸ್ತ್ರಿ ಅಂಗಡಿಯವು: ಬಿಸಿ, ಹಬೆ, ಗುಂಡಿ. ಆಟಿಸಂ ಅಂತ ಡಾಕ್ಟರು ಹೇಳಿ ಮೂರು ವರ್ಷವಾಯಿತು. ಜನವರಿಯಲ್ಲಿ ಗಂಟೆಯ ಸದ್ದಿಗೆ ಬೆದರಿ ಶಾಲೆಯ ಗೇಟು ದಾಟಿ ರಸ್ತೆಗೆ ಓಡಿದಳು. ಲಾರಿಯವನು ಬ್ರೇಕ್ ಹಾಕಿದ. ಸಹಾಯಕಿ ಇಲ್ಲದಿದ್ದರೆ ಇನ್ನು ಕಳಿಸಬೇಡಿ ಅಂದುಬಿಟ್ಟರು ಹೆಡ್‌ಮಿಸ್. ಸಹಾಯಕಿ ಬೇಕೆಂದರೆ ಶಿಕ್ಷಣ ಇಲಾಖೆಯ ಕಚೇರಿಯವರು ಮಗುವನ್ನು ಪರೀಕ್ಷೆ ಮಾಡಿ ಒಪ್ಪಬೇಕು.

ಮೊದಲನೇ ಪರೀಕ್ಷೆಗೆ ಎಷ್ಟು ಚೆನ್ನಾಗಿ ತಯಾರು ಮಾಡಿದೆ ಗೊತ್ತಾ, ಪೆದ್ದಿ ನಾನು! ಮೆತ್ತನೆ ಹಳೇ ಅಂಗಿ ಹಾಕಿ, ಹೊಟ್ಟೆ ತುಂಬಿಸಿ, ಪರೀಕ್ಷೆ ಮಾಡುವ ಕೋಣೆಯ ಫೋಟೋ ವಾರವೆಲ್ಲ ತೋರಿಸಿ ಕರೆದೊಯ್ದೆ. ಬಂಗಾರದ ಹಾಗೆ ಕೂತು ಮಣಿ ಪೋಣಿಸಿದಳು. ಇಷ್ಟು ಶಾಂತವಾದ ಮಗುವಿಗೆ ಸಹಾಯಕಿ ಯಾಕಮ್ಮ, ನಿಮಗೇ ಗಾಬರಿ ಜಾಸ್ತಿ ಅಂತ ಪರೀಕ್ಷಕಿ ನಕ್ಕರು. ಅರ್ಜಿ ವಜಾ. ಗೋಗರೆದು ಇನ್ನೊಂದು ದಿನ ಬರೆಸಿಕೊಂಡು ಬಂದೆ.

ಎರಡನೇ ಸಲ ಹಸಿದ ಹೊಟ್ಟೆಯಲ್ಲೇ ಕರೆದೊಯ್ದೆ ಅಕ್ಕಾ. ಗಂಜಿ ಹಾಕಿ ನಾನೇ ಇಸ್ತ್ರಿ ಮಾಡಿದ ಕಾಲರಿನ ಅಂಗಿ ತೊಡಿಸಿದೆ, ಅವಳ ಕತ್ತಿಗೆ ಅದು ಚುಚ್ಚುತ್ತೆ ಅಂತ ಗೊತ್ತಿದ್ದೂ. ಎಲ್ಲಿಗೆ ಅಂತಲೂ ತಿಳಿಸಲಿಲ್ಲ. ಪರೀಕ್ಷಕಿ ಪೆನ್ನು ತೆರೆದ ಮೇಲೆ, ಕೈಜಾರಿದ ಹಾಗೆ ನಟಿಸಿ ಮಣಿಗಳ ಸ್ಟೀಲ್ ಡಬ್ಬಿಯನ್ನು ನೆಲಕ್ಕೆ ಕೆಡವಿದೆ.

ಕಿರುಚಿದಳು. ಮೇಜಿಗೆ ಹಣೆ ಬಡಿದುಕೊಂಡಳು. ಆಮೇಲೆ ನನ್ನ ಹತ್ತಿರವೇ ಓಡಿ ಬಂದಳು. ಸದ್ದಾದರೆ ನನ್ನ ಎರಡೂ ಕೈ ಎಳೆದು ಕಿವಿಗೆ ಒತ್ತಿಕೊಳ್ಳುತ್ತಾಳಲ್ಲ, ಹಾಗೆ ಕೈ ಹುಡುಕಿದಳು. ಪರೀಕ್ಷಕಿ ಇನ್ನೂ ಬರೆಯುತ್ತಿದ್ದರು. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಎಷ್ಟು ಹೊತ್ತು ಅಂತ ಕೇಳಬೇಡ. ಅವರು ಸಹಿ ಹಾಕುವವರೆಗೆ.

ಹೊರಗೆ ಬಂದು ಬೆಂಚಿನ ಮೇಲೆ ಕೂತು ಕೈ ಚಾಚಿದೆ. ದೂರ ಸರಿದು ತನ್ನ ಕೈಯಿಂದಲೇ ಕಿವಿ ಮುಚ್ಚಿಕೊಂಡಳು. ಇವತ್ತಿಗೆ ಹನ್ನೊಂದು ದಿನ. ನನಗೆ ತಲೆ ಬಾಚಲೂ ಬಿಡುವುದಿಲ್ಲ. ಅವಳ ಅಪ್ಪನೇ ಬಾಚುತ್ತಾರೆ, ಬೈತಲೆ ಸೊಟ್ಟ. ಸಹಾಯಕಿಯ ಬೆರಳು ಹಿಡಿದು ಶಾಲೆಗೆ ಹೋಗುತ್ತಾಳೆ, ಗೇಟಿನ ಒಳಗೇ ಇರುತ್ತಾಳೆ. ನಾನು ಬೇಡಿದ್ದೂ ಅಷ್ಟೇ ತಾನೇ? ಆದರೂ ಆ ಬೆರಳು ನೋಡಿದರೆ ಹೊಟ್ಟೆ ಉರಿಯುತ್ತೆ ಅಕ್ಕಾ.

ಬೈಯಬೇಕು ಅನಿಸಿದರೆ ಬೈದು ಬರೆ. ಸುಮ್ಮನಿದ್ದುಬಿಡಬೇಡ.

ನಿನ್ನ ತಂಗಿ

ವಿ.ಸೂ.: ಸಹಾಯಕಿಯ ಆದೇಶ ಒಂದೇ ವರ್ಷಕ್ಕಂತೆ. ಮುಂದಿನ ಮಾರ್ಚಿಗೆ ಮತ್ತೆ ಪರೀಕ್ಷೆ. ಇನ್ನೊಮ್ಮೆ ನನ್ನ ಕೈಲಾಗಲ್ಲ ಅಂತ ಬರೆಯಲು ಹೊರಟಿದ್ದೆ, ಅದು ಸುಳ್ಳು. ಮತ್ತೆ ಹಾಗೇ ಮಾಡುತ್ತೇನೆ. ಆ ದಿನ ನೀನು ನನ್ನ ಜೊತೆ ಬರಬೇಡ.