ಗೋಲ್ ಬಿಟ್ಟು ಓಡಿದವನು

ಅಮ್ಮಾ,

ಟಿವಿ ಮುಂದೆ ಅಳ್ತಾ ಕೂತಿದ್ದೆಯಂತೆ. ಕಣ್ಣೊರೆಸಿಕೋ, ನಿನ್ನ ಮುದ್ದಿನ ಕಿರಿಮಗನ ಮೊಣಕಾಲಿಗೆ ಏನೂ ಆಗಿಲ್ಲ. ಫೌಲ್ ಸಿಗಲಿ ಅಂತ ಬೇಕಂತಲೇ ಬಿದ್ದು ಹೊರಳಾಡಿದ. 'ಅಣ್ಣಾ' ಅಂತ ಕಿರುಚಿದ್ದೇ ತಡ, ನಾನು ಗೋಲ್‌ಕೀಪರ್ ಅನ್ನೋದನ್ನೇ ಮರೆತು ಓಡಿದೆ. ರೆಫರಿ ಆಟ ನಿಲ್ಲಿಸಲಿಲ್ಲ. ಎದುರಾಳಿಗಳು ಖಾಲಿ ಗೋಲಿಗೆ ಚೆಂಡು ಹೊಡೆದರು. ಹತ್ತಿರ ಹೋಗಿ ಬಗ್ಗಿದರೆ ಇವನು ನನಗೆ ಕಣ್ಣು ಹೊಡೆದ! ಥೂ!

ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತು ಕರಕರ ಅಂತ ಚಿಪ್ಸ್ ತಿಂದ.

ನನ್ನನ್ನು ಬೇರೆ ತಂಡಕ್ಕೆ ಬಿಟ್ಟುಕೊಡಿ ಅಂತ ಕೋಚ್‌ಗೆ ಹೇಳಿದ್ದೇನೆ. ಅಣ್ಣತಮ್ಮ ಒಟ್ಟಿಗೇ ಇರಲಿ ಅಂತ ನೀನು ಅಡ್ಡ ಬರಬೇಡ. ಇನ್ನೊಂದು ಸಲ ಅವನು ನಿಜವಾಗಿಯೇ ಬಿದ್ದರೂ ನಾನು ಗೋಲ್ ಬಿಟ್ಟು ಕದಲೋದಿಲ್ಲ. ಅದನ್ನು ನೀನು ಟಿವಿಯಲ್ಲಿ ನೋಡೋದು ಬೇಡ.

ನಿನ್ನ ದೊಡ್ಡ ಮಗ