ತೊಗಲು ಕಾರ್ಖಾನೆಯ ನೀರು

ಕೈಲಾಂಚ
೧೦-೩-೧೯೮೫, ಭಾನುವಾರ

ಪ್ರೀತಿಯ ಗೌರಿ,

ಕುದೂರಿನಲ್ಲಿ ನೀನೂ ಮಗುವೂ ಆರೋಗ್ಯವೆ? ಕೂಸು ಮಗುಚಿಕೊಳ್ಳುತ್ತಿದೆಯೆ? ಅತ್ತೆಯವರ ಕೆಮ್ಮು ಹೇಗಿದೆ? ನಮ್ಮವ್ವ ದಿನಾ, "ಮೂಗು ಯಾರಂಗೈತೆ ಸರ್ಯಾಗಿ ನೋಡ್ದೇನ್ಲಾ?" ಎಂದು ಕೇಳಿ ನನ್ನ ಜೀವ ತಿನ್ನುತ್ತಾಳೆ.

ಇಲ್ಲಿಯ ಸುದ್ದಿ ಬೇರೆಯವರ ಬಾಯಿಂದ ನಿನಗೆ ಮುಟ್ಟುವ ಮೊದಲು ನಾನೇ ಬರೆಯುತ್ತಿದ್ದೇನೆ. ಹೆದರಬೇಡ, ನನಗೆ ಏಟು ಬಿದ್ದಿಲ್ಲ. ಹಳ್ಳದ ಕೆಳಗಿನ ತೋಟದವರ ರೇಷ್ಮೆಹುಳುಗಳು ನಾಲ್ಕನೇ ಸಲ ಪೊರೆ ಬಿಟ್ಟು ಜ್ವರದಿಂದ ಎದ್ದ ಮೇಲೆ ಸೊಪ್ಪು ಮುಟ್ಟದೆ, ತಟ್ಟೆಯಲ್ಲೇ ಕಪ್ಪಾಗಿ ಸತ್ತವು. ಗೂಡಿಗೆ ಹಿಂದೆಂದೂ ಇಲ್ಲದ ಬೆಲೆ ಬಂದು, ಊರೂರೇ ರಾಮನಗರದ ಮಾರುಕಟ್ಟೆಗೆ ಓಡುತ್ತಿರುವಾಗ ಅವರು ಹುಳುಗಳನ್ನು ತಿಪ್ಪೆಗೆ ಸುರಿದರು. ಆ ತೋಟಗಳಿಗೆ ಹಾಯುವ ಹಳ್ಳಕ್ಕೇ ನಮ್ಮ ಶರೀಫ್ ಸಾಹೇಬರ ತೊಗಲು ಕಾರ್ಖಾನೆಯ ನೀರು ಸೇರುವುದು. ಕೂದಲು ಕಳಚುವ ಸುಣ್ಣ, ಹದ ಮಾಡಲು ನಾನೇ ಡ್ರಮ್ಮಿಗೆ ಸುರಿಯುವ ಕ್ರೋಮ್ ಉಪ್ಪು, ಎಲ್ಲ ಅದರಲ್ಲೇ ಹೋಗುತ್ತದೆ. ಹುಳು ಸತ್ತದ್ದು ಅದರಿಂದಲೇ ಎಂದು ಆಣೆ ಇಟ್ಟು ಹೇಳಲಾರೆ. ಅಲ್ಲ ಎಂದೂ ಹೇಳಲಾರೆ.

ಗುರುವಾರ ಬೆಳಿಗ್ಗೆ ಹನುಮಂತಯ್ಯನವರು ತೋಟದವರನ್ನೆಲ್ಲ ಕಟ್ಟಿಕೊಂಡು ಹಾರೆ, ಪಿಕಾಸಿ ಹಿಡಿದು ಬಂದರು. ಮೊದಲು ಹುಳು ಕಳೆದುಕೊಂಡವರೇ ಅವರು. ಕಾರ್ಖಾನೆಯ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿ, "ನಿಮ್ಮನೇಲೂ ಉಳ ಐತಲ್ಲ ಗಂಗಾ, ಅತ್ಲಾಗಿ ಸರ್ಕೊಳ್ಲಾ" ಅಂದರು. ನನಗೆ ಸರಿಯಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಸಾಹೇಬರು ಹೊರಗೆ ಬಂದದ್ದೇ ತಡ, ಹನುಮಂತಯ್ಯನವರು ಹಳ್ಳದ ನೀರು ತುಂಬಿದ ಚೊಂಬನ್ನು ಅವರ ಕೈಗೆ ಕೊಟ್ಟು, "ಏನೂ ಆಗಕಿಲ್ಲ ಅಂತೀರಲ್ಲ ಸಾಬ್ರೆ, ಒಸಿ ಕುಡ್ದು ತೋರ್ಸಿ. ಬಾಯ್ ಮುಚ್ಕೊಂಡು ಓಯ್ತೀವಿ" ಅಂದರು.

ಸಾಹೇಬರ ಹಠ ನಿನಗೆ ಗೊತ್ತೇ ಇದೆ. ಚೊಂಬನ್ನು ಬಾಯಿಯವರೆಗೂ ಎತ್ತಿಬಿಟ್ಟರು! ಅಷ್ಟರಲ್ಲಿ ಅವರ ಹೆಂಡತಿ ಹಫೀಜಮ್ಮ ಒಳಗಿಂದ ಬಂದವರೇ ಚೊಂಬು ಕಿತ್ತುಕೊಂಡು ನೆಲಕ್ಕೆ ಚೆಲ್ಲಿದರು. "ನಮ್ಮ ಬಾವಿ ನೀರೇ ನಾವು ಕುಡಿಯಲ್ಲ. ಹೋದ ವರ್ಸ ಹಳದಿ ಆಗ್ಬುಡ್ತು. ಮಸೀದಿ ನಲ್ಲೀಲಿ ತರ್ತೀವಿ. ಯಾರ್ಗೂ ಹೇಳ್ಬೇಡ ಅಂದಿದ್ರು ಇವ್ರು" ಅಂದರು. ಗಂಡನ ಮುಖವನ್ನೂ ನೋಡಲಿಲ್ಲ.

ಜನ ರೊಚ್ಚಿಗೆದ್ದು ತೊಗಲು ನೆನೆಸುವ ತೊಟ್ಟಿಗಳ ಕಡೆ ನುಗ್ಗಿದರು. ಸಾಹೇಬರು ಜಗಲಿಯ ಮೇಲೆ ಕುಸಿದು ಕೂತು, "ಒಡೀರಿ" ಅಂದರು. ನಾನು ಅಡ್ಡ ಹೋಗಿ ಹನುಮಂತಯ್ಯನವರ ಹಾರೆ ಹಿಡಿದುಕೊಂಡೆ. "ಒಡುದ್ರೆ ಒಳಗಿರೋದೆಲ್ಲ ಒಂದೇ ಸಲ ಹಳ್ಳಕ್ಕೆ ಇಳೀತದೆ ಕಣಣ್ಣ! ನಿನ್ನ ತೋಟಕ್ಕೇ ಬತ್ತದೆ!" ಎಂದು ಕಿರುಚಿದೆ. ಅವರು ಹಾರೆ ಬಿಡಲಿಲ್ಲ, ಹೊಡೆಯಲೂ ಇಲ್ಲ. ಆಮೇಲೆ ಹಾರೆ ಇಳಿಸಿ, "ಅಂಗಾರೆ ಇನ್ಮ್ಯಾಕೆ ಒಂದು ತೊಟ್ಟು ನೀರೂ ಹಳ್ಳಕ್ಕೆ ಬಿಡಂಗಿಲ್ಲ" ಅಂದರು. ಸಾಹೇಬರು ಒಪ್ಪಿದರು.

ಹಳ್ಳಕ್ಕೆ ಬಿಟ್ಟಿದ್ದ ಕಾಲುವೆಯ ಬಾಯಿಗೆ ತೋಟದವರೇ ಕಲ್ಲು ಕಟ್ಟಿದರು. ಸಾಹೇಬರೂ ಕಲ್ಲು ಹೊತ್ತರು. ಕುರಿ ತೊಗಲಿಗೆ ಇನ್ನು ಅವರ ತಂದೆಯ ಕಾಲದಂತೆ ತಂಗಡಿ ಗಿಡದ ತೊಗಟೆಯ ಹದವೇ. ಮೊದಲೇ ಮಾತು ಕೊಟ್ಟ ಗಿರಾಕಿಗಾಗಿ ಒಂದು ಡ್ರಮ್ಮಿನಲ್ಲಿ ಕ್ರೋಮ್ ಉಳಿದಿದೆ, ಆದರೆ ಆ ನೀರನ್ನು ಗಾರೆ ತೊಟ್ಟಿಯಲ್ಲಿ ಹಿಡಿದು ಮತ್ತೆ ಮತ್ತೆ ಬಳಸಬೇಕು. ತೊಗಟೆಯ ಕೆಲಸ ನಿಧಾನ, ಕೆಲವರಿಗೆ ಕೆಲಸ ಹೋಯಿತು. ನಾನು ಉಳಿದಿದ್ದೇನೆ. ಹನುಮಂತಯ್ಯನವರು ಇನ್ನೂ ನನ್ನನ್ನು ಮಾತಾಡಿಸಿಲ್ಲ.

ಮಾವನವರಿಗೆ, ಅತ್ತೆಯವರಿಗೆ ನಮಸ್ಕಾರ ಹೇಳು. ಕೂಸಿನ ಕೆನ್ನೆಗೆ ನನ್ನದೊಂದು ಮುತ್ತು.

ನಿನ್ನ
ಗಂಗಯ್ಯ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ನಮ್ಮ ಹಿತ್ತಲ ಬಾವಿಯೂ ಆ ಹಳ್ಳದ ದಂಡೆಯದೇ. ಸೇದಿ ನೋಡಿದೆ, ಬಣ್ಣವೇನೂ ಇಲ್ಲ. ಆದರೂ ನಂಬಿಕೆ ಬರಲಿಲ್ಲ, ಬೆಂಗಳೂರಿಗೆ ಪರೀಕ್ಷೆಗೆ ಕಳಿಸಿದ್ದೇನೆ. ಬಸುರಿಯಾಗಿದ್ದಾಗ ನೀನು ಕುಡಿದದ್ದು ಅದೇ ನೀರು ಗೌರಿ. ಕಾಗದ ಸಿಕ್ಕಿದ ದಿನವೇ ಕೂಸನ್ನು ಮಾಗಡಿಯ ಡಾಕ್ಟರಿಗೆ ತೋರಿಸು. ಯುಗಾದಿ ಕಳೆದು ಬರುವ ಮಾತಾಗಿತ್ತಲ್ಲ, ಬರಬೇಡ. ನಾನೇ ಬಂದು ಕರೆಯುವವರೆಗೂ ಬರಬೇಡ.