ಚಪ್ಪಾಳೆ ಯಾರಿಗೆ

ಮೇಕನ್, ಜಾರ್ಜಿಯಾ
೬ ಅಕ್ಟೋಬರ್ ೧೯೪೬, ಭಾನುವಾರ

ಪ್ರೀತಿಯ ವರ್ಡೆಲ್,

ಗಂಟಲು ಹೇಗಿದೆ ಕೂಸೇ? ಬಿಸಿನೀರಿಗೆ ನಿಂಬೆ, ಜೇನು ಹಾಕಿ ಕುಡಿಯುತ್ತಿದ್ದೀಯಾ? ನನ್ನ ಮಂಡಿ ಊದಿಕೊಂಡಿದೆ. ಅದಕ್ಕೆ ನಿನ್ನ ಸಿನಿಮಾನೇ ಕಾರಣ. ನಮ್ಮ ಕರಿಯ ಜನರನ್ನು ಕೂರಿಸುವ ಬಾಲ್ಕನಿಗೆ ಹೋಗುವ ಪಕ್ಕದ ಮೆಟ್ಟಿಲು ನಿನಗೆ ಗೊತ್ತೇ ಇದೆಯಲ್ಲ. ಹೋದ ವಾರದ ಶನಿವಾರ ಅದನ್ನು ಹತ್ತಿದೆ, ಚರ್ಚಿನ ಗಾಯನ ತಂಡ ಇಡೀ ನನ್ನ ಹಿಂದೆ, ಭಾನುವಾರದ ಟೋಪಿ ಹಾಕಿಕೊಂಡು. ನನ್ನ ಮೊಮ್ಮಗಳು ಗುಡಾರದ ಆಟಗಳಲ್ಲಿ ಹಾಡಿದಳು, ನ್ಯೂಯಾರ್ಕಿನ ರಂಗದ ಮೇಲೆ ಹಾಡಿದಳು, ಈಗ ಪರದೆಯ ಮೇಲೆ ಹಾಡುತ್ತಾಳೆ ಎಂದು ಊರಿಗೆಲ್ಲ ಸಾರಿದವಳು ನಾನೇ ತಾನೆ. ಕರಿದ ಕೋಳಿ ಕಟ್ಟಿಕೊಂಡು ಹೋಗಿದ್ದೆವು. ಪರದೆಯ ಮೇಲೆ ನೀನು ಬರಲೇ ಇಲ್ಲ. ಕಣ್ತಪ್ಪಿರಬೇಕು ಎಂದು ಎರಡನೇ ಆಟಕ್ಕೂ ಕೂತೆವು. ಆಗಲೂ ನೀನಿಲ್ಲ.

ಇಳಿಯುವಾಗ ತಂಡದ ಹಿರಿಯಳು ಸಿಸ್ಟರ್ ಓಪಲ್, ನನಗೆ ಕೇಳಲೆಂದೇ, "ಪಾಪ, ಹುಡುಗಿ ಎಲ್ಲೋ ಯಾರ್ದೋ ಮನೇಲಿ ಪಾತ್ರೆ ತೊಳೀತಿರ್ಬೇಕು, ಅಜ್ಜಿಗೆ ಹೇಳೋಕೆ ನಾಚಿಕೆ" ಅಂದಳು. ಅವಳ ಬಾಯಿ ಮುಚ್ಚಿಸಿದೆ, ನಿಜ. ಆದರೆ ತಲೆಯಲ್ಲಿ ಹುಳ ಬಿಟ್ಟೇ ಹೋದಳು. ಮನೆಗೆ ಬಂದು, ಮಾರ್ಚಿನಲ್ಲಿ ನೀನು ಕಳಿಸಿದ ಫೋಟೋ ತೆಗೆದು ಭೂತಗನ್ನಡಿ ಹಿಡಿದೆ. ಏಪ್ರನ್ ಹಾಕಿದ್ದೀಯ. ಅದು ವೇಷ ಅಜ್ಜಿ ಎಂದು ಬರೆದಿದ್ದೆ. ವೇಷದ ಬಟ್ಟೆಯ ಅಂಚು ಹಾಗೆ ಸವೆಯುತ್ತದೆಯೇ? ನಾನು ನಲವತ್ತು ವರ್ಷ ಊರವರ ಬಟ್ಟೆ ಹೊಲಿದವಳು. ನಿನ್ನ ಕಾಗದಗಳಲ್ಲಿ ಮನೆ ವಿಳಾಸ ಯಾಕಿಲ್ಲ? ಬರೀ ಪೋಸ್ಟ್ ಬಾಕ್ಸ್ ಯಾಕೆ?

ಆ ಚಿತ್ರದಲ್ಲೂ ಏನೋ ಸರಿಯಿಲ್ಲ. ಔತಣದಲ್ಲಿ ಹಳದಿ ಕೂದಲಿನ ನಾಯಕಿ ತುಂಬಿದ ಗ್ಲಾಸು ಹಿಡಿದು ಕೂತಿರುತ್ತಾಳೆ. ಕಣ್ಣು ಮಿಟುಕಿಸುವಷ್ಟರಲ್ಲಿ ಗ್ಲಾಸು ಖಾಲಿ, ಎಲ್ಲರೂ ಚಪ್ಪಾಳೆ ಹೊಡೆಯುತ್ತಿದ್ದಾರೆ. ಯಾರಿಗೆ? ಎದುರಿಗೆ ಒಂದು ನರಪಿಳ್ಳೆಯೂ ಇಲ್ಲ. ಎಂಟು ದಿನದಿಂದ ಇದೇ ಯೋಚನೆ.

ಪಾತ್ರೆ ತೊಳೆಯುವುದು ಅವಮಾನವಲ್ಲ ಮಗಳೇ. ನಿನ್ನ ಅಮ್ಮ ತೊಳೆದಳು, ನಾನೂ ತೊಳೆದೆ. ಆದರೆ ನನ್ನ ಹತ್ತಿರ ಸುಳ್ಳು ಬೇಡ. ಸೋತಿದ್ದರೆ ಮನೆಗೆ ಬಾ, ನಿನ್ನ ಹಾಸಿಗೆ ಹಾಗೇ ಇದೆ.

ದೇವರು ನಿನ್ನ ಕೊರಳನ್ನು ಕಾಯಲಿ.
ನಿನ್ನ ಅಜ್ಜಿ,
ಲುವೀನಿಯಾ

ವಿ.ಸೂ.: ಲಕೋಟೆ ಅಂಟಿಸುವ ಹೊತ್ತಿಗೆ, ರೈಲಿನಲ್ಲಿ ಕೆಲಸ ಮಾಡುವ ಪಕ್ಕದ ಮನೆಯ ಲೆಮ್ಯುಯೆಲ್ ಷಿಕಾಗೋದಿಂದ ಬಂದ. ಅಲ್ಲಿ ನಿನ್ನ ಚಿತ್ರ ನೋಡಿದನಂತೆ. "ಅಜ್ಜಿ, ಬಿಳಿ ರೇಷ್ಮೆ ಗೌನು ಹಾಕ್ಕೊಂಡು ಪಿಯಾನೋ ಪಕ್ಕ ನಿಂತು ಹಾಡ್ತಾಳೆ. ನಮ್ ಜನ ಎಲ್ಲ ಎದ್ದು ನಿಂತ್ಬಿಟ್ರು" ಅಂದ. ನಮ್ಮ ದಕ್ಷಿಣದ ಊರುಗಳಲ್ಲಿ ಬಿಳಿಯರು ಸಹಿಸುವುದಿಲ್ಲವೆಂದು ಆ ಹಾಡನ್ನು ಕತ್ತರಿಸಿ ಚಿತ್ರ ತೋರಿಸುತ್ತಾರಂತೆ. ಕತ್ತರಿಸಲು ಸುಲಭವಾಗಲೆಂದೇ ನಿನ್ನನ್ನು ಒಂಟಿಯಾಗಿ ನಿಲ್ಲಿಸುತ್ತಾರಂತೆ, ಯಾರೂ ನಿನ್ನನ್ನು ಮಾತನಾಡಿಸುವುದಿಲ್ಲವಂತೆ. ಹಾಗಾದರೆ ಆ ಚಪ್ಪಾಳೆ ನಿನಗೇ. ನಾನು ನಿನ್ನನ್ನು ಅನುಮಾನಿಸಿದೆ, ಕೂಸೇ. ಈ ಕಾಗದ ಹರಿಯುವುದಿಲ್ಲ. ಎಂಟು ದಿನ ಅಜ್ಜಿ ಏನೆಂದುಕೊಂಡಿದ್ದಳು ಎಂಬುದು ನಿನಗೆ ಗೊತ್ತಿರಲಿ, ಆಮೇಲೆ ಕ್ಷಮಿಸು. ಏಪ್ರನ್ನಿನ ವಿಷಯ ಮಾತ್ರ ನಿಜ ಬರೆ. ಇನ್ನೊಂದು. ಲಂಗದ ಮೇಲೆ ಹಚ್ಚಿದ ಲೇಸು ಕಿತ್ತರೆ ಲಂಗಕ್ಕೆ ಏನೂ ಆಗುವುದಿಲ್ಲ. ಮುಂದಿನ ಚಿತ್ರದಲ್ಲಿ ಆ ನಾಯಕಿ ನಿನ್ನನ್ನು ಏನಾದರೂ ಕೇಳಲಿ, ನೀನು ಉತ್ತರ ಕೊಡು, ಆಮೇಲೆ ಹಾಡು. ನಿನ್ನನ್ನು ಕಿತ್ತರೆ ಅವರ ಕಥೆಯೇ ಹರಿಯಬೇಕು.